ಲೋಗೋದ ಹಿಂಬದಿ

ಗುಂಡಿ ಮಾವನಿಗೆ ಆ ಹೆಸರು ಅಂಟಿಕೊಂಡು ಮೂವತ್ತೆಂಟು ವರ್ಷವಾಗಿತ್ತು. ಇಡೀ ಅಂಗಿ ಹೊಲಿಯುವ ದರ್ಜಿಗಳು ಬೇರೆ. ಅವರು ಹೊಲಿದು ಎಸೆದ ಅಂಗಿಗೆ ಕಾಜಾ ಕತ್ತರಿಸಿ ಗುಂಡಿ ಹಚ್ಚುವವನು ಇವನು. ಮನೆ ಕಟ್ಟಿದವನಿಗೆ ಹೆಸರುಂಟು, ಚಿಲಕ ಹಾಕಿದವನನ್ನು ಯಾರು ಕೇಳುತ್ತಾರೆ? ಐವತ್ತೊಂಬತ್ತಕ್ಕೆ ಬಂದು, ಸೂಜಿಯ ಕಣ್ಣು ಹುಡುಕಿ ಹುಡುಕಿ ತನ್ನ ಕಣ್ಣು ಸೋತ ಮೇಲೆ, ಅವನು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ಕಸೂತಿ ಮಿಷನ್ನು ತಂದು ಮನೆಯ ಮುಂಕೋಣೆಯಲ್ಲಿ ಕೂರಿಸಿದ. ಬಾಗಿಲ ಮೇಲೆ ಬೋರ್ಡು ಬಂತು: ‘ಅಂಗಿ, ಟೋಪಿ, ಚೀಲಗಳ ಮೇಲೆ ನಿಮ್ಮ ಲೋಗೋ ಹಾಕಿಕೊಡಲಾಗುವುದು.’

ಬೀದಿಯವರು ಓದಿ ನಕ್ಕರು. “ನಮಗೆಲ್ಲಿಂದ ಬರ್ಬೇಕು ಮಾವ ಲೋಗೋ? ಹರಿದ ಕಡೆ ಒಂದು ತೇಪೆ ಹಾಕಿಕೊಟ್ರೆ ಸಾಕು” ಎಂದರು. ಆರು ತಿಂಗಳಲ್ಲಿ ಬಂದ ಕೆಲಸವೆಂದರೆ ಕ್ಷೌರದಂಗಡಿಯ ನಾಲ್ಕು ಟವೆಲ್ಲು. ಅವುಗಳ ಮೇಲೆ ಬಾಚಣಿಗೆಯ ಚಿತ್ರ ಹೊಲಿದುಕೊಟ್ಟ. ಮುಖ ಒರೆಸಿಕೊಂಡವರ ಕೆನ್ನೆ ಗೀರುತ್ತದೆಂದು ನಾಲ್ಕೂ ವಾಪಸು ಬಂದವು.

ಆಮೇಲೆ ಬಂದದ್ದು ಮುಚ್ಚಳ ಕಾರ್ಖಾನೆಯ ಕೆಲಸ. ಬಾಟಲಿಗೆ ಹಾಕುವ ತಗಡಿನ ಮುಚ್ಚಳ ಮಾಡುವ ಕಾರ್ಖಾನೆ ಅದು; ಇನ್ನೂರು ಜನ ದುಡಿಯುತ್ತಿದ್ದರು. ಅವರಲ್ಲೊಬ್ಬ ಗುಂಡಿ ಮಾವನ ಅಳಿಯ. ಅಳಿಯ, ಮಗಳು ಇಬ್ಬರೂ ಮಾವನ ಮನೆಯಲ್ಲೇ ಇದ್ದರು. ಮಿಷನ್ನು ದೇವರಂತೆ ಸುಮ್ಮನೆ ಕೂತ ಆರು ತಿಂಗಳೂ ಒಲೆ ಉರಿದದ್ದು ಅಳಿಯನ ಸಂಬಳದಲ್ಲಿ. ಮಗಳು ಬಸುರಿ, ಜುಲೈಯಲ್ಲಿ ಹೆರಿಗೆ. ಕಾರ್ಖಾನೆಯಲ್ಲಿ ಕೆಲವರನ್ನು ಮನೆಗೆ ಕಳಿಸುತ್ತಾರಂತೆ ಎಂಬ ಗುಸುಗುಸು ಮೂರು ತಿಂಗಳಿಂದ ಇತ್ತು. ಅಳಿಯ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ. ಈಗ ಇನ್ನೂರು ಅಂಗಿ, ಇನ್ನೂರು ಚೀಲಕ್ಕೆ ಲೋಗೋ ಹಾಕಿಸುತ್ತಾರೆಂದ ಮೇಲೆ ಅವನ ಮುಖ ಅರಳಿತು.

“ಕಳಿಸೋರಿಗೆ ಯಾರಾದ್ರೂ ಹೊಸ ಅಂಗಿ ಕೊಡ್ತಾರಾ ಮಾವ?” ಎಂದ.

“ಹೆಣಕ್ಕೂ ಹೊಸ ಬಟ್ಟೇನೇ ಹೊದಿಸೋದು” ಎಂದಳು ಒಳಗಿನಿಂದ ಮಾವನ ಹೆಂಡತಿ.

“ಬಿಡ್ತು ಅನ್ನೇ! ನಿನ್ನ ಬಾಯಿಗಿಷ್ಟು!” ಎಂದು ಮಾವ ಗದರಿದ. ಅವಳು ಬಿಡ್ತು ಅನ್ನಲಿಲ್ಲ.

ಸೋಮವಾರ ಮೇಲಿನ ಆಫೀಸಿನ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ಇನ್ನೂರು ಎದೆಯ ಮೇಲೂ ಲೋಗೋ ಕೂತಿರಬೇಕು. ಲೋಗೋ ಎಂದರೆ ಒಂದು ದುಂಡು ಮುಚ್ಚಳದ ಅಂಚು, ಅದರ ಎರಡು ಬದಿಗೆ ಎರಡು ರೆಕ್ಕೆ, ನಡುವೆ ಖಾಲಿ. ಮುಚ್ಚಳಕ್ಕೆ ರೆಕ್ಕೆ ಯಾಕೆಂದು ಗುಂಡಿ ಮಾವ ಕೇಳಲಿಲ್ಲ. ದೊಡ್ಡವರ ವಿಷಯ.

ಈ ಕಸುಬಿಗೊಂದು ಗುಟ್ಟಿದೆ. ಮಿಷನ್ನು ದಾರ ಎಳೆದಾಗ ಬಟ್ಟೆ ಮುದುಡಿಕೊಳ್ಳುತ್ತದೆ. ಮುದುಡದಂತೆ ಹಿಂದೊಂದು ಗಟ್ಟಿ ಕಾಗದ ಇಟ್ಟು, ಎರಡನ್ನೂ ಸೇರಿಸಿ ಹೊಲಿಯಬೇಕು. ಮುಗಿದ ಮೇಲೆ ಸುತ್ತಲಿನ ಕಾಗದ ಹರಿದು ತೆಗೆದರೂ ಹೊಲಿಗೆಯ ಒಳಗೆ ಸಿಕ್ಕಿದ್ದು ಅಲ್ಲೇ ಉಳಿಯುತ್ತದೆ. ಮುಂದೆ ನೋಡುವವರಿಗೆ ಲೋಗೋ. ಅದನ್ನು ನೆಟ್ಟಗೆ ನಿಲ್ಲಿಸಿರುವುದು ಹಿಂದಿನ ಕಾಗದ. ಚೀಲದ ಬಟ್ಟೆ ದಪ್ಪ, ಅದಕ್ಕೆ ಕಾಗದ ಬೇಡ. ಅಂಗಿಗೆ ಬೇಕೇ ಬೇಕು. ಭಾನುವಾರ ಬೆಳಿಗ್ಗೆ, ಅರವತ್ತನೆಯ ಅಂಗಿ ಮುಗಿಯುವಾಗ, ಆ ಕಾಗದ ತೀರಿತು. ಮಾರುವ ಅಂಗಡಿಗೆ ಅಂದು ರಜೆ.

“ಇನ್ನು ನೂರ ನಲವತ್ತು ಉಳಿದಿದೆಯಲ್ಲೇ!” ಎಂದು ಮಾವ ತಲೆಯ ಮೇಲೆ ಕೈ ಹೊತ್ತು ಕೂತ.

“ಕಾಗದ ಅಂದ್ರೆ ಕಾಗದ ತಾನೇ? ಅಂಗಿ ಬಂದ ಡಬ್ಬದ ತಳದಲ್ಲಿ ದಪ್ಪ ದಪ್ಪ ಹಾಳೆ ಹಾಸಿದಾರೆ. ಕಣ್ಣಿಲ್ವಾ?” ಎಂದಳು ಹೆಂಡತಿ.

ನಿಜ. ಕಾರ್ಖಾನೆಯವರು ಅಂಗಿ ಕಳಿಸಿದ ಡಬ್ಬಗಳ ತಳದಲ್ಲಿ ಯಾವುದೋ ಹಳೆಯ ರಿಜಿಸ್ಟರಿನ ಹಾಳೆಗಳಿದ್ದವು. ಒಳ್ಳೆ ರಟ್ಟಿನಂಥ ಕಾಗದ. ಗುಂಡಿ ಮಾವನಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಆದರೆ ಕೈಯಲ್ಲಿ ಕತ್ತರಿ ಹಿಡಿದವನು ಓದುತ್ತಾ ಕೂರುತ್ತಾನೆಯೇ? ಅಂಗೈ ಅಗಲಕ್ಕೆ ಕತ್ತರಿಸಿದ, ಇಟ್ಟ, ಹೊಲಿದ. ಮುಚ್ಚಳದ ನಡುವಿನ ಕಾಗದ ಕೀಳಲು ಹೋದರೆ ಹೊಲಿಗೆ ಸಡಿಲವಾಗುತ್ತದೆಂದು ಹಾಗೇ ಬಿಟ್ಟ.

ಸೋಮವಾರ ಎಲ್ಲ ಸುಸೂತ್ರ. ಸಾಹೇಬರು ಬಂದರು, ಇನ್ನೂರು ಎದೆಗಳ ಫೋಟೋ ತೆಗೆಸಿದರು, ಹೋದರು. ಗುಂಡಿ ಮಾವ ಗೇಟಿನ ಹೊರಗೆ ನಿಂತು, ಹೊರಬರುವ ಒಂದೊಂದೇ ಎದೆಯನ್ನು ನೋಡಿ, “ನಮ್ಮದೇ, ನಮ್ಮದೇ” ಎಂದುಕೊಂಡ. ಮೂವತ್ತೆಂಟು ವರ್ಷದಲ್ಲಿ ಅವನ ಕೆಲಸವನ್ನು ಯಾರಾದರೂ ಫೋಟೋ ತೆಗೆದದ್ದು ಅದೇ ಮೊದಲು.

ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಗೇಟು ಕಾಯುವವನ ಹೆಂಡತಿ ಒಂದು ಅಂಗಿಯನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು. ಹಿಂದೆಯೇ ಬನಿಯನ್ನಿನಲ್ಲಿ ಗೇಟಿನವನು.

“ಏನ್ ಮಾವ, ನಿಮ್ಮ ವಯಸ್ಸಿಗೆ ಇದು ಸರೀನಾ? ಒಗೆಯೋಣ ಅಂತ ಅಂಗಿ ತಿರುವಿದ್ರೆ ಒಳಗೆ ಯಾವಳದೋ ಹೆಸರು! ಅದೂ ಎದೆ ಮೇಲೆ! ಸುತ್ತ ದುಂಡಗೆ ಹೊಲಿಗೆ ಬೇರೆ ಹಾಕಿದೀರಿ, ದೇವರ ಪಟಕ್ಕೆ ಕಟ್ಟು ಹಾಕಿದ ಹಾಗೆ!”

ಮಾವ ಕನ್ನಡಕ ಏರಿಸಿ ನೋಡಿದ. ರೆಕ್ಕೆಯ ಮುಚ್ಚಳದ ಹಿಂಬದಿ, ಸರಿಯಾಗಿ ನಡುಮಧ್ಯೆ, ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸಿನ ಹೆಸರು ನೀಲಿ ಮಸಿಯಲ್ಲಿ ಕೂತಿತ್ತು. ಪಕ್ಕದಲ್ಲಿ ‘5’.

“ಪಕ್ಕದಲ್ಲಿ ಐದು ಅಂತ ಬೇರೆ! ಇವಳು ಐದನೆಯವಳು, ಅಲ್ವಾ? ಇನ್ನು ನಾಲ್ಕು ಯಾರ್ಯಾರು ಅಂತ ಈಗಲೇ ಹೇಳಿಬಿಡ್ಲಿ!”

“ನಿನ್ನೊಬ್ಬಳನ್ನೇ ಸುಧಾರಿಸಕ್ಕಾಗದೆ ನಾನು ಗೇಟಲ್ಲಿ ಹೋಗಿ ಕೂರ್ತೀನಿ ಕಣೇ. ನನಗೆಲ್ಲಿಂದ ಬರ್ಬೇಕು ಐದು?” ಎಂದು ಗೇಟಿನವನು ಅಳುವ ಹಾಗಾದ. “ಮಾವ, ನಿಮ್ಮ ದಮ್ಮಯ್ಯ, ಹೇಳಿ ಇವಳಿಗೆ.”

ಇಲ್ಲಿ ಗುಂಡಿ ಮಾವ ಸುಮ್ಮನಿರಬಹುದಿತ್ತು. ಕಾಗದ ಹರಿದು ಒಲೆಗೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಒಬ್ಬನ ಸಂಸಾರ ಉಳಿಸುವ ಪುಣ್ಯ ಕೈಗೆ ಬಂದಿರುವಾಗ ಬಿಡುವುದು ಹೇಗೆ?

“ಅವನೊಬ್ಬನ ಅಂಗೀಲಲ್ಲ ತಾಯಿ!” ಎಂದು ಬೀದಿಗೇ ಕೇಳುವಂತೆ ಕೂಗಿದ. “ನೂರ ನಲವತ್ತು ಅಂಗಿಯಲ್ಲೂ ಇದೆ! ಕಾರ್ಖಾನೆ ಆಫೀಸಿನಿಂದಲೇ ಬಂದ ಕಾಗದ!”

ಗೇಟಿನವನ ಸಂಸಾರ ಉಳಿಯಿತು. ಉಳಿದವರದು ಮಧ್ಯಾಹ್ನದೊಳಗೆ ಕೆಟ್ಟಿತು.

ಊಟದ ಗಂಟೆ ಹೊಡೆದಾಗ ಕಾರ್ಖಾನೆಯ ಅಂಗಳದಲ್ಲಿ ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ, ಅಂಗಿ ಬಿಚ್ಚಿದರು. “ನಿನ್ನ ಎದೆ ಮೇಲೆ ಯಾರಿದಾರೆ?” “ನನ್ನದರಲ್ಲಿ ಬರೀ ಗೆರೆ.” “ಅಯ್ಯೋ, ನನ್ನ ಹೆಸರು ಯಾರ ಹತ್ರ ಇದೆ ನೋಡ್ರಪ್ಪಾ!” ಎಂದು ಒಬ್ಬರ ಬೆನ್ನಿಗೊಬ್ಬರು ಓಡಾಡಿದರು. ಸಂತೆಯಲ್ಲಿ ಕಳೆದ ಮಕ್ಕಳನ್ನು ಹುಡುಕುವ ಹಾಗೆ ಇನ್ನೂರು ಜನ ತಮ್ಮ ತಮ್ಮ ಹೆಸರು ಹುಡುಕಿದರು. ಕೊನೆಗೆ ಅರವತ್ತೆರಡು ಹೆಸರು ಸಿಕ್ಕವು. ಪ್ರತಿ ಹೆಸರಿನ ಪಕ್ಕ ಒಂದು ಅಂಕಿ.

ಅಂಕಿಯ ಅರ್ಥ ಬಿಡಿಸಿದವನು ಕಾರ್ಮಿಕರ ಮುಖಂಡ. ಅವನನ್ನು ಎಲ್ಲರೂ ಭಾಷಣ ಎಂದೇ ಕರೆಯುತ್ತಿದ್ದರು. ಭಾಷಣ ಒಂದು ಪೀಪಾಯಿಯ ಮೇಲೆ ಹತ್ತಿ ನಿಂತ.

“ಬಂಧುಗಳೇ! ಅಂಕಿ ನೋಡಿ. ನಾಲ್ಕಕ್ಕಿಂತ ಕಮ್ಮಿ ಇಲ್ಲ, ಹನ್ನೆರಡು ದಾಟಿಲ್ಲ. ವರ್ಷಕ್ಕೆ ತಿಂಗಳೆಷ್ಟು? ಹನ್ನೆರಡು! ಇದು ಯಾರನ್ನ ಯಾವ ತಿಂಗಳು ಮನೆಗೆ ಕಳಿಸ್ತಾರೆ ಅನ್ನೋ ಪಟ್ಟಿ! ನಮ್ಮ ಸಾವನ್ನ ನಮ್ಮ ಎದೆಗೇ ಹೊಲಿದಿದಾರೆ! ನಾವು ಇದನ್ನ ಸಹಿಸ್ತೀವಾ? ರಕ್ತದ ಕೊನೆ ಹನಿ ಇರೋವರೆಗೂ...” ಅಷ್ಟರಲ್ಲಿ ಕೆಳಗೆ ಹೆಸರು ಓದುತ್ತಿದ್ದವನು ಅರವತ್ತೆರಡನೆಯದನ್ನೂ ಓದಿ ಮುಗಿಸಿದ. ಭಾಷಣದ ಹೆಸರು ಅದರಲ್ಲಿರಲಿಲ್ಲ. “...ಇರೋವರೆಗೂ ನಾವು ಶಾಂತಿಯಿಂದ ವಿಚಾರ ಮಾಡ್ಬೇಕು” ಎಂದು ಅವನು ಮೆಲ್ಲಗೆ ಪೀಪಾಯಿಯಿಂದಿಳಿದ.

ಮುಚ್ಚಳ ತುಂಬುವ ದೈತ್ಯನಂಥ ಆಸಾಮಿಯೊಬ್ಬನಿಗೆ ಹನ್ನೊಂದು ಬಂದಿತ್ತು. “ನವೆಂಬರ್‌ವರೆಗೆ ನಿನಗೇನಪ್ಪಾ, ಪುಣ್ಯವಂತ” ಎಂದು ಜನ ಅವನ ಬೆನ್ನು ತಟ್ಟಿದರು. ಕಸ ಗುಡಿಸುವ ಪೊರಕೆಯಜ್ಜಿಗೆ ಬಂದದ್ದು ನಾಲ್ಕು. ಆಗ ಮೇ ತಿಂಗಳು.

“ಹಂಗಾದ್ರೆ ನಾನು ಏಪ್ರಿಲ್ಲಲ್ಲೇ ಹೋದವಳಾ?” ಎಂದಳು ಅಜ್ಜಿ. “ಮತ್ತೆ ಇವತ್ತು ಬೆಳಿಗ್ಗೆ ಗುಡಿಸಿದ್ದು ಯಾರು?”

ಅಳಿಯನಿಗೆ ಬಂದದ್ದು ಏಳು. ಜುಲೈ.

ಭಾಷಣ ನಾಲ್ಕು ಚೂರು ಹಿಡಿದು ಮ್ಯಾನೇಜರ ಕೋಣೆಗೆ ಹೋದ. “ಸಾರ್, ಇದು ಆಫೀಸಿನ ಕಾಗದವಾ?” ಮ್ಯಾನೇಜರು ನೋಡಿ ಹೌದೆಂದರು. “ಅಕ್ಷರ ಯಾರದ್ದು?” “ನನ್ನದೇ.” ಆಮೇಲೆ ಮ್ಯಾನೇಜರು ತುಂಬ ಹೊತ್ತು ಆ ಚೂರುಗಳನ್ನು ನೋಡುತ್ತಾ ಕೂತು, “ಬಾಗಿಲು ಹಾಕ್ಕೊಂಡು ಹೋಗಪ್ಪ” ಎಂದರು. ಇನ್ನೇನು ಸಾಕ್ಷಿ ಬೇಕು?

ಮೂರೇ ದಿನದಲ್ಲಿ ಕಾರ್ಖಾನೆ ಎರಡು ಹೋಳಾಯಿತು. ಪಟ್ಟಿಯಲ್ಲಿಲ್ಲದ ನೂರ ಮೂವತ್ತೆಂಟು ಜನ ಗಟ್ಟಿಯಾಗಿ ಮಾತಾಡತೊಡಗಿದರು, ಪಟ್ಟಿಯಲ್ಲಿದ್ದವರನ್ನು ಕಂಡಾಗ ಕಾಯಿಲೆಯವರನ್ನು ಕಂಡಂತೆ ದನಿ ತಗ್ಗಿಸಿದರು. ಅಳಿಯನ ಪ್ರೆಸ್ ಮಿಷನ್ನಿನ ಪಕ್ಕ ಒಳ್ಳೆಯ ಕಿಟಕಿಯಿತ್ತು. ಪಕ್ಕದವನು ಬಂದು, “ಬೇಜಾರು ಮಾಡ್ಕೋಬೇಡಣ್ಣ, ಜುಲೈ ಆದ್ಮೇಲೆ ಈ ಜಾಗ ನನಗಿರ್ಲಿ, ಈಗಲೇ ಹೇಳಿಟ್ಟಿದೀನಿ” ಎಂದು ಕಿಟಕಿಗೆ ತನ್ನ ಟವೆಲ್ಲು ಹಾಕಿ ಹೋದ.

ಮನೆಯಲ್ಲಿ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಒಂದೇ ಮಾತಾಡಿದಳು: “ಅಪ್ಪ, ಇವ್ರ ಹೆಸರನ್ನ ನಿಮ್ಮ ಕೈಯಾರೆ ಕತ್ತರಿಸಿದ್ರಲ್ಲ, ಆಗ ಕಾಣ್ಲಿಲ್ವಾ?”

ಗುಂಡಿ ಮಾವ ಮುಂಕೋಣೆಗೆ ಹೋಗಿ, ಕತ್ತರಿಸಿ ಉಳಿದ ಚೂರುಗಳ ಗೋಣಿಚೀಲವನ್ನು ನೆಲಕ್ಕೆ ಸುರಿದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಒಂದೊಂದೇ ಚೂರು ಎತ್ತಿ, ಕಣ್ಣಿಗೆ ಹಿಡಿದು, ಅಕ್ಷರ ಕೂಡಿಸಿ ಓದಿದ. ಹಾಳೆಯ ತುದಿಯ ಉದ್ದನೆಯ ಪಟ್ಟಿಯೊಂದರಲ್ಲಿ ನಾಲ್ಕು ವರ್ಷದ ಹಿಂದಿನ ತಾರೀಕಿತ್ತು. ಅದರ ಕೆಳಗೆ ಅಡಿಗೆರೆ ಎಳೆದು ಬರೆದಿತ್ತು: ‘ಸುರಕ್ಷತಾ ಬೂಟು — ಕಾಲಿನ ಅಳತೆ.’

ಮಾವ ಅದನ್ನು ಮೂರು ಸಲ ಓದಿದ. ಆಮೇಲೆ ಆ ಪಟ್ಟಿಯನ್ನು ಎದೆಗವಚಿಕೊಂಡು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದನ್ನು ಮೆಟ್ಟಿ, ಕಾರ್ಖಾನೆಗೆ ಓಡಿದ.

ಮ್ಯಾನೇಜರು ಆ ಪಟ್ಟಿಯನ್ನು ಮೇಜಿನ ಮೇಲಿಟ್ಟು ನೀಟಾಗಿ ಸವರಿದರು.

“ಸಾರ್, ಇದು ಬೂಟಿನ ಅಳತೆ! ಯಾರನ್ನೂ ತೆಗೆಯೋ ಪಟ್ಟಿ ಅಲ್ಲ!”

“ಗೊತ್ತು ಯಜಮಾನ್ರೇ. ಅಳತೆ ತಗೊಂಡವನೇ ನಾನು. ಒಬ್ಬೊಬ್ಬರನ್ನೂ ಹಲಗೆ ಮೇಲೆ ನಿಲ್ಲಿಸಿ ಬರ್ಕೊಂಡಿದ್ದೆ. ಅರವತ್ತೆರಡು ಜನ ಆಗೋ ಹೊತ್ತಿಗೆ ಮೇಲಿನವ್ರು ಬೂಟು ಬೇಡ ಅಂದ್ರು, ಅಲ್ಲಿಗೇ ನಿಲ್ಲಿಸಿದೆ.”

“ಮತ್ತೆ ಅವತ್ತೇ ಹೇಳ್ಬಾರ್ದಾ ಸಾರ್? ಜನ ಹೊಟ್ಟೆಗೆ ಅನ್ನ ತಿಂತಿಲ್ಲ!”

ಮ್ಯಾನೇಜರು ಎದ್ದು ಬಾಗಿಲ ಅಗುಳಿ ಹಾಕಿ ಬಂದರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. “ಅರವತ್ತು ಜನರನ್ನ ತೆಗೀರಿ ಅಂತ ಮಾರ್ಚಿಂದ ಹೇಳ್ತಿದಾರೆ. ಪಟ್ಟಿ ಮಾಡೋಕೆ ನಾನು ಎಷ್ಟು ಸಲ ಕೂತೆ ಗೊತ್ತಾ? ಒಂದು ಹೆಸರು ಬರೆದ್ರೆ ಅವನ ಮಕ್ಕಳು ಕಣ್ಮುಂದೆ ಬರ್ತಾರೆ. ಹೊಡೆದುಹಾಕಿ ಇನ್ನೊಂದು ಬರೆದ್ರೆ ಅವನ ತಾಯಿ. ಒಂದು ಹೆಸರೂ ನಿಲ್ಲಲಿಲ್ಲ. ಈಗ ನೋಡಿ, ಪಟ್ಟಿ ತಾನಾಗೇ ಬಂತು. ಅತ್ತಿದ್ದೂ ಆಯ್ತು, ಬೈದಿದ್ದೂ ಆಯ್ತು, ಕಿಟಕಿ ಹಂಚಿಕೊಂಡಿದ್ದೂ ಆಯ್ತು. ಜನರೇ ಒಪ್ಪಿಬಿಟ್ಟಿದಾರೆ. ಇದನ್ನ ಹರಿದುಹಾಕಿ ಹೊಸದು ಮಾಡಿದ್ರೆ ಇನ್ನೂರು ಮನೆಯಲ್ಲೂ ಮತ್ತೆ ಮೊದಲಿಂದ ಅಳಬೇಕು. ಅದು ಧರ್ಮವಾ?”

ಧರ್ಮದ ಮಾತು ಬಂದ ಮೇಲೆ ಗುಂಡಿ ಮಾವನಿಗೆ ಗೊಂದಲವಾಯಿತು.

“ಅವ್ರು ಕೇಳಿದ್ದು ಅರವತ್ತು” ಎಂದು ಮ್ಯಾನೇಜರು ದನಿ ತಗ್ಗಿಸಿದರು. “ಪಟ್ಟಿಯಲ್ಲಿರೋದು ಅರವತ್ತೆರಡು. ಎರಡು ಹೆಚ್ಚಿದೆ. ನಿಮ್ಮ ಅಳಿಯನ ಹೆಸರು ಬಿಟ್ಟುಬಿಡ್ತೀನಿ. ಅವನ ಬದಲು ಯಾರನ್ನೂ ಸೇರಿಸೋದೂ ಬೇಡ. ನೀವು ಇದನ್ನ ಇಲ್ಲೇ ಬಿಟ್ಟು, ಬಾಯಿ ಹೊಲ್ಕೊಂಡು ಮನೆಗೆ ಹೋಗಿ. ಹೊಲಿಯೋದು ನಿಮ್ಮ ಕಸುಬೇ ಅಲ್ವಾ?”

ಗುಂಡಿ ಮಾವ ತಲೆಯಾಡಿಸಿದ. ನಿಜ ಹೇಳಬೇಕೆಂದರೆ ಎರಡು ಸಲ ಆಡಿಸಿದ. ಆದರೆ ಆ ಕಾಗದದ ಪಟ್ಟಿಯನ್ನು ಮಾತ್ರ, ಯಾಕೋ, ಮೇಜಿನಿಂದ ಎತ್ತಿಕೊಂಡೇ ಹೊರಟ. ಮ್ಯಾನೇಜರು ನೋಡಿಯೂ ತಡೆಯಲಿಲ್ಲ.

ಗೇಟಿನ ಹತ್ತಿರ ಪಾಳಿ ಬದಲಾಗುವ ಹೊತ್ತು. ಜನವೋ ಜನ. ಮಾವ ತಲೆ ತಗ್ಗಿಸಿ, ಎರಡು ಬಣ್ಣದ ಚಪ್ಪಲಿ ನೋಡಿಕೊಂಡು ದಾಟುತ್ತಿದ್ದ. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ಅಳಿಯನ ಕೆಲಸ ಉಳಿಯುತ್ತಿತ್ತು. ಪೊರಕೆಯಜ್ಜಿ ಅಡ್ಡ ಬಂದಳು.

“ಮ್ಯಾನೇಜರ ಹತ್ರ ಹೋಗಿದ್ಯಂತೆ. ನನ್ನದೇನಾದ್ರೂ ಕೇಳಿದ್ಯಾ ತಮ್ಮಾ? ಏಪ್ರಿಲ್ಲಲ್ಲೇ ಹೋದವಳಿಗೆ ಮೇ ತಿಂಗಳ ಸಂಬಳ ಕೊಡ್ತಾರೋ ಇಲ್ವೋ? ಅದಕ್ಕೇ ಎರಡು ಸಲ ಗುಡಿಸ್ತಿದೀನಿ, ಇದೀನಿ ಅಂತ ಕಾಣ್ಲಿ ಅಂತ.”

ಮಾವನ ಬಾಯಿಯ ಹೊಲಿಗೆ ಬಿಟ್ಟಿತು.

“ಅದು ತಿಂಗಳಲ್ಲಕ್ಕಾ! ಬೂಟಿನ ಅಳತೆ! ನಿನ್ನ ಕಾಲು ನಾಲ್ಕು, ಅಷ್ಟೇ! ಎಲ್ಲ ಕೇಳಿ! ಅದು ಬೂಟಿನ ಪಟ್ಟಿ!” ಎಂದು ಆ ಕಾಗದವನ್ನು ತಲೆಯ ಮೇಲೆತ್ತಿ ಕೂಗಿದ.

ಒಳಗೆ ಹೋಗುವವರೂ ಹೊರಗೆ ಬರುವವರೂ ಗೇಟಿನಲ್ಲೇ ನಿಂತರು.

“ಓಹೋ!” ಎಂದ ಭಾಷಣ. “ಅಳಿಯನ ಹೆಸರು ಬಂದ ಕೂಡ್ಲೇ ಪಟ್ಟಿ ಬೂಟಿಂದಾಯ್ತಾ? ಏನ್ ಮಾವ, ನಾವೇನು ಕಿವಿಗೆ ಹೂ ಇಟ್ಕೊಂಡಿದೀವಾ?”

“ತಲೆಬರಹ ಇದೆಯಲ್ಲಪ್ಪ, ಓದು!”

“ತಲೆಬರಹ ಬರೆಯೋದೇನು ಕಷ್ಟ? ಏನು ಬೇಕಾದ್ರೂ ಬರೆಯೋ ಮಿಷನ್ನೇ ಇಟ್ಕೊಂಡಿದೀರಿ ಮನೇಲಿ!”

ನೂರ ಮೂವತ್ತೆಂಟು ಜನ ನಕ್ಕರು. ಇದು ಬೂಟಿನ ಪಟ್ಟಿಯಾದರೆ ನಿಜವಾದ ಪಟ್ಟಿ ಇನ್ನೂ ಬರಬೇಕು, ಅದರಲ್ಲಿ ಯಾರಿರುತ್ತಾರೋ. ಆದ್ದರಿಂದ ಅವರು ತುಂಬ ಗಟ್ಟಿಯಾಗಿಯೇ ನಕ್ಕರು.

“ಹೌದ್ರೋ, ಯಾರೋ ಒಂದ್ಸಲ ಕಾಲು ಹಿಡಿದು ಅಳೆದಿದ್ರು...” ಎಂದು ಪೊರಕೆಯಜ್ಜಿ ಶುರುಮಾಡಿದಳು.

“ಸುಮ್ನಿರಜ್ಜಿ, ಹೊಟ್ಟೆಗೇ ಕುತ್ತು ಬಂದಿದೆ, ನಿನಗೆ ಕಾಲಿನ ಚಿಂತೆ!”

ಚಪ್ಪಲಿಯನ್ನು ಕಣ್ಣಂದಾಜಿನಲ್ಲಿ ಕೊಂಡು ಅಭ್ಯಾಸವಾದ ಜನ. ತಮ್ಮ ಕಾಲು ಎಷ್ಟನೆಯ ನಂಬರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹಲಗೆ ಮೇಲೆ ನಿಂತದ್ದೂ ಬಾರದ ಬೂಟಿನ ಜೊತೆಗೇ ಮರೆತುಹೋಗಿತ್ತು. ಗುಂಪಿನ ಅಂಚಿನಿಂದ ಅಳಿಯ ಬಂದು ಮಾವನ ರಟ್ಟೆ ಹಿಡಿದ. ಅವನ ಮುಖ ಕೆಂಪಗಾಗಿತ್ತು.

“ಮಾವ, ಸಾಕು. ಇರೋ ಮರ್ಯಾದೆನೂ ತೆಗೀಬೇಡಿ. ಮನೆಗೆ ನಡೀರಿ.”

“ಅಳಿಯಂದಿರೇ, ನೀವಾದ್ರೂ ನಂಬಿ.”

“ನಡೀರಿ ಅಂದೆನಲ್ಲ.”

ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಮ್ಯಾನೇಜರು ಮೆಲ್ಲಗೆ ಪರದೆ ಎಳೆದುಕೊಂಡರು.

ಜುಲೈವರೆಗೆ ಕಾಯುವ ಕೆಲಸವೂ ಬೀಳಲಿಲ್ಲ. ಮೇ ತಿಂಗಳ ಕೊನೆಯ ದಿನ ಅರವತ್ತೆರಡು ಜನರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ದೈತ್ಯ ಆಸಾಮಿ ಕೈಯೆತ್ತಿ, “ಸಾರ್, ನನಗೆ ನವೆಂಬರ್ ಅಂತ ಇತ್ತಲ್ಲ!” ಎಂದು ತಕರಾರು ತೆಗೆದ. ಮ್ಯಾನೇಜರು ಒಬ್ಬೊಬ್ಬರಿಗೂ ಒಂದು ಲಕೋಟೆ, ಒಂದು ರಟ್ಟಿನ ಡಬ್ಬ ಕೊಟ್ಟರು. ಜನ ಇಷ್ಟು ಸಮಾಧಾನದಿಂದ ಹೋಗುತ್ತಿರುವುದಕ್ಕೆ ಮೇಲಿನ ಆಫೀಸಿಗೆ ಬಹಳ ಸಂತೋಷವಾಗಿ, ಬೀಳ್ಕೊಡುಗೆಯಾಗಿ ಏನಾದರೂ ಕೊಡಿ ಎಂದಿದ್ದರಂತೆ. ಏನು ಕೊಡುವುದೆಂದು ಯೋಚಿಸುವ ತೊಂದರೆಯೇ ಇರಲಿಲ್ಲ.

ಡಬ್ಬದಲ್ಲಿ ಕಪ್ಪು ಬೂಟು. ಬೆರಳಿನ ಮೇಲೆ ತಗಡು ಬಿದ್ದರೂ ನೋಯದಂತೆ ಮುಂದೆ ಉಕ್ಕಿನ ಟೋಪಿ.

ಗುಂಡಿ ಮಾವ ಗೇಟಿನ ಸರಳು ಹಿಡಿದು ಹೊರಗೆ ನಿಂತಿದ್ದ. ಮೊದಲು ಒಬ್ಬ ಹಾಕಿ ನೋಡಿದ. ಆಮೇಲೆ ಪಕ್ಕದವನು. ಎಲ್ಲರೂ ನೆಲಕ್ಕೆ ಕೂತು ಹಾಕಿಕೊಂಡರು. ಒಬ್ಬರಿಗೂ ಸಡಿಲವಿಲ್ಲ, ಒಬ್ಬರಿಗೂ ಬಿಗಿಯಿಲ್ಲ. ದೈತ್ಯನ ಕಾಲಿಗೆ ಹನ್ನೊಂದು ಎರಕ ಹೊಯ್ದಂತೆ ಕೂತಿತು. ಅರವತ್ತೆರಡು ಜನ ಎದ್ದು ನಿಂತು, ಮೊದಲು ತಮ್ಮ ಕಾಲು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ತಲೆಯೆತ್ತಿ ಗೇಟಿನ ಕಡೆ ನೋಡಿದರು.

ಪೊರಕೆಯಜ್ಜಿ ಎರಡು ಹೆಜ್ಜೆ ನಡೆದು ನೋಡಿ, “ಒಂದಿಷ್ಟೂ ಕಚ್ಚಲ್ಲ ಕಣ್ರೋ” ಎಂದಳು.

ಅವರು ಮನೆಗೆ ನಡೆದರು. ಹೊಸ ಬೂಟಿನ ಸದ್ದಿಗೆ ಬೀದಿಯ ಕಿಟಕಿಗಳು ತೆರೆದವು. ಗೇಟಿನವನ ಹೆಂಡತಿ ಹೊಸಿಲಿಗೆ ಬಂದು ನೋಡಿ, ಒಳಗಿದ್ದ ಗಂಡನಿಗೆ, “ಎಲ್ಲರಿಗೂ ಬೂಟು ಕೊಟ್ಟಿದಾರೆ, ನಿಮಗ್ಯಾಕಿಲ್ಲ? ಎಲ್ಲದರಲ್ಲೂ ಹಿಂದೇ ಬೀಳ್ತೀರಿ!” ಎಂದು ಜಗಳ ತೆಗೆದಳು.

ಅಳಿಯ ಮನೆಯ ಜಗಲಿಯ ಮೇಲೆ ಕೂತ. ಜೀವನದಲ್ಲಿ ದಾರದ ಬೂಟು ಹಾಕಿದವನಲ್ಲ, ಗಂಟು ಕಗ್ಗಂಟಾಗಿತ್ತು. ಎಳೆದಷ್ಟೂ ಬಿಗಿಯಿತು. ಗುಂಡಿ ಮಾವ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಳಿಯನ ಕಾಲನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡ.

ಅಳಿಯ ಬೆಚ್ಚಿಬಿದ್ದ. “ಮಾವ, ಬಿಡಿ! ನೀವು ನನ್ನ ಕಾಲು ಮುಟ್ಟೋದಾ? ಯಾರಾದ್ರೂ ನೋಡಿದ್ರೆ ಏನಂದಾರು?”

“ಸುಮ್ನಿರಿ ಅಳಿಯಂದಿರೇ. ದಾರದ ಕೆಲಸ ನನಗೆ ಗೊತ್ತು.”

ಮಾವ ಉಗುರಿನಿಂದ ಗಂಟು ಕೆದಕಿದ. ಆ ದಿನ ಮಹಡಿಯ ಕೋಣೆಯಲ್ಲಿ ತಾನು ಎರಡು ಸಲ ತಲೆಯಾಡಿಸಿದ್ದನ್ನೂ, ಗೇಟಿಗೆ ಉಳಿದಿದ್ದ ಹತ್ತು ಹೆಜ್ಜೆಯನ್ನೂ ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಬ್ಬರನ್ನೂ ನೋಡುತ್ತಾ ನಿಂತಿದ್ದಳು.

“ಅಳತೆ ಸರಿಯಾಗಿದೆ ಮಾವ” ಎಂದ ಅಳಿಯ, ಕೊನೆಗೆ. “ನೀವು ಹೇಳಿದ್ದು ನಿಜ.”

“ಹ್ಞೂಂ.”

“ನಾಳೆ ಬೆಳಿಗ್ಗೆ ಇದನ್ನ ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಲಿ?”

ಗುಂಡಿ ಮಾವ ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಇನ್ನೊಂದು ಕಾಲನ್ನು ಎತ್ತಿಕೊಂಡ.